ಮೂವತ್ತೊಂದನೆಯ ನಂಬರಿನ ಮಧ್ಯಾಹ್ನದ ಹಾಜರಿ

ದಿಂಬಿನ ಕಾರ್ಖಾನೆಯ ಬೆಂಕಿಯಲ್ಲಿ ಸತ್ತವರು ಹನ್ನೊಂದು ಮಂದಿ ಎಂದು ವಿಚಾರಣಾ ವರದಿಯ ಮೊದಲನೆಯ ಪುಟದಲ್ಲಿ ಅಚ್ಚಾಗಿದೆ. ಅದು ತಪ್ಪು. ಸತ್ತವರು ಹನ್ನೆರಡು ಮಂದಿ. ಹನ್ನೆರಡನೆಯವಳಿಗೆ ಹದಿನೈದು ವರ್ಷ, ಹತ್ತನೆಯ ತರಗತಿ, ಹಾಜರಿ ಪುಸ್ತಕದಲ್ಲಿ ಮೂವತ್ತೊಂದನೆಯ ನಂಬರು. ಈ ಸಂಗತಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅವಳ ಪಕ್ಕದಲ್ಲಿ ಕೂರುತ್ತಿದ್ದ ಮೂವತ್ತೆರಡನೆಯ ನಂಬರಿನ ಹುಡುಗಿ. ಇಲ್ಲಿ ಹೇಳಬೇಕಾಗಿರುವುದು ಆ ಹುಡುಗಿಯ ಕಥೆ.

ಅವಳನ್ನು ಶಾಲೆಯಲ್ಲಿ ಎಲ್ಲರೂ ‘ಪಿಸು’ ಎಂದು ಕರೆಯುತ್ತಿದ್ದರು. ದನಿ ಅಷ್ಟು ಸಣ್ಣದು. ಪಾಠ ಒಪ್ಪಿಸಲು ಎದ್ದು ನಿಂತರೆ ಮೇಷ್ಟ್ರು ಕಿವಿಯ ಹಿಂದೆ ಕೈಯಿಟ್ಟು, “ತುಟಿ ಆಡ್ತಾ ಇದೆ, ಅದು ಮಾತ್ರ ಕಾಣ್ತಾ ಇದೆ” ಎನ್ನುತ್ತಿದ್ದರು. ತರಗತಿ ಗೊಳ್ಳೆನ್ನುತ್ತಿತ್ತು. ಆದರೆ ಇನ್ನೊಬ್ಬರ ದನಿಯನ್ನು ಎರವಲು ತಂದರೆ ಆ ಸಣ್ಣ ಗಂಟಲೇ ಬೇರೆಯಾಗುತ್ತಿತ್ತು. ಮುಖ್ಯೋಪಾಧ್ಯಾಯಿನಿಯವರ ಒಣಕೆಮ್ಮು, ಗೇಟಿನ ಕಾವಲುಗಾರನ ಗದರಿಕೆ, ಗಣಿತದ ಮೇಷ್ಟ್ರ ನಿಟ್ಟುಸಿರು, ಎಲ್ಲವನ್ನೂ ಮೂಲದವರೇ ಬೆಚ್ಚಿಬೀಳುವಂತೆ ತೆಗೆದು ತೋರಿಸುತ್ತಿದ್ದಳು. ಅವಳ ತಂದೆ ಸ್ಥಳೀಯ ಪತ್ರಿಕೆಯ ಅಚ್ಚುಕೂಟದಲ್ಲಿ ಕರಡು ತಿದ್ದುವವರು. ಬೆಳಗಿನ ಪತ್ರಿಕೆ ಊರಿಗೆ ಸಿಗುವ ಮೊದಲೇ ಅವರ ಮನೆಯಲ್ಲಿರುತ್ತಿತ್ತು. ಆ ಕಾರಣಕ್ಕೆ ಶಾಲೆಯ ಗೇಟಿನ ಒಳಗಡೆಯ ಸುದ್ದಿಹಲಗೆಯ ಮೇಲೆ ದಿನಕ್ಕೆ ಐದು ಸುದ್ದಿ ಬರೆಯುವ ಕೆಲಸ ಎರಡು ವರ್ಷದಿಂದ ಪಿಸುವಿನದಾಗಿತ್ತು.

ಅವಳಲ್ಲೊಂದು ಇನ್ನೂರು ಪುಟದ ನೋಟ್ ಪುಸ್ತಕವಿತ್ತು. ಪ್ರತಿ ಪುಟವನ್ನೂ ಸ್ಕೇಲಿಟ್ಟು ಮೂರು ಭಾಗ ಮಾಡಿದ್ದಳು: ಶಾಲೆ, ಊರು, ನಾಟಕ. ಶಾಲೆಯ ಭಾಗದಲ್ಲಿ, “ಇವತ್ತು ವಿಜ್ಞಾನದ ಮೇಷ್ಟ್ರು ಬರಲಿಲ್ಲ. ಬಂದಿದ್ದರೂ ಹೆಚ್ಚೇನೂ ವ್ಯತ್ಯಾಸ ಆಗುತ್ತಿರಲಿಲ್ಲ” ಎಂಬಂಥ ಮಾತು. ಊರಿನ ಭಾಗದಲ್ಲಿ, “ಮೇಲ್ಸೇತುವೆಗೆ ಮೂರನೇ ಸಲ ಶಂಕುಸ್ಥಾಪನೆ. ಅದೇ ಕಲ್ಲೋ ಬೇರೆ ಕಲ್ಲೋ ನೋಡಬೇಕು.” ನಾಟಕದ ಭಾಗವೇ ಯಾವಾಗಲೂ ಉದ್ದ, ಎಷ್ಟೋ ದಿನ ಅದು ಗೆರೆ ದಾಟಿ ಊರಿನೊಳಕ್ಕೆ ನುಗ್ಗಿರುತ್ತಿತ್ತು.

ನಾಟಕದಲ್ಲಿ ಪಿಸುವಿಗೆ ಪಾತ್ರವಿರಲಿಲ್ಲ. ಅವಳು ಮಾತು ಎತ್ತಿಕೊಡುವವಳು. ರಂಗದ ಎಡಬದಿಯ ಪರದೆಯ ಹಿಂದೆ ಮೋಟು ಸ್ಟೂಲಿನ ಮೇಲೆ ಕೂತು, ಯಾರು ಮಾತು ಮರೆತರೂ ಅದರ ಮೊದಲೆರಡು ಪದವನ್ನು ಅವರ ಕಿವಿಗೆ ಮಾತ್ರ ಮುಟ್ಟುವಂತೆ ಒಗೆಯಬೇಕು. ಸಣ್ಣ ದನಿಗೆ ಸಿಕ್ಕ ಒಂದೇ ಮರ್ಯಾದೆಯ ಕೆಲಸ ಅದು. ಇಡೀ ನಾಟಕ ಅವಳಿಗೆ ಬಾಯಿಪಾಠವಾಗಿತ್ತು.

ಮೂವತ್ತೊಂದನೆಯ ನಂಬರಿನವಳಿಗೆ ಮಾತ್ರ ಅವಳು ಒಮ್ಮೆಯೂ ಎತ್ತಿಕೊಡಬೇಕಾಗಿ ಬಂದಿರಲಿಲ್ಲ. ಅವಳಿಗೆ ಶಾಲೆಯಲ್ಲಿದ್ದ ಅಡ್ಡಹೆಸರು ‘ಗುಡುಗು’. ಮೈಕು ಕೆಟ್ಟ ದಿನ ಮುಖ್ಯೋಪಾಧ್ಯಾಯಿನಿಯವರು ಅವಳನ್ನು ನಿಲ್ಲಿಸಿ ಪ್ರಕಟಣೆ ಓದಿಸುತ್ತಿದ್ದರು. ತರಗತಿಯ ಮೇಷ್ಟ್ರೇ ಬರೆದು ಆಡಿಸುತ್ತಿದ್ದ ನಾಟಕದಲ್ಲಿ ಅವಳದು ದೋಣಿ ನಡೆಸುವ ಅಂಬಿಗಿತ್ತಿಯ ಪಾತ್ರ. ದೊರೆ ಬಂದು, ಪ್ರವಾಹದಲ್ಲಿ ತನ್ನೊಬ್ಬನನ್ನೇ ದಾಟಿಸು ಎಂದಾಗ ಅಂಬಿಗಿತ್ತಿ ಹುಟ್ಟನ್ನು ನೆಲಕ್ಕೆ ಕುಟ್ಟಿ ಹೇಳುತ್ತಾಳೆ: “ನನ್ನ ದೋಣಿಯಲ್ಲಿ ದೊರೆಯೂ ಒಂದು ತಲೆ, ಕೂಲಿಯೂ ಒಂದು ತಲೆ. ಹತ್ತಿದವರನ್ನು ಎಣಿಸಿ ಹತ್ತಿಸಿದ್ದೇನೆ, ಎಣಿಸಿಯೇ ಇಳಿಸುತ್ತೇನೆ.” ಈ ಮಾತು ಬರೆದದ್ದು ಮೇಷ್ಟ್ರು ಎಂಬುದನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಬೇಸಿಗೆ ಕಳೆದು ಶಾಲೆ ಶುರುವಾದ ಎರಡನೆಯ ತಿಂಗಳಲ್ಲಿ, ಒಂದು ಶುಕ್ರವಾರ, ಗುಡುಗಿನ ತಾಯಿ ಬಚ್ಚಲಿನಲ್ಲಿ ಜಾರಿಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡರು. ಆಸ್ಪತ್ರೆಯಲ್ಲಿ ಪ್ಲಾಸ್ಟರು ಹಾಕಿ ಆರು ವಾರ ಬಿಚ್ಚಬಾರದೆಂದರು. ಆಕೆ ದಿಂಬಿನ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿಯವರು. ಒಂದೂವರೆಯಿಂದ ಎಂಟರವರೆಗೆ ಎರಡನೆಯ ಮಹಡಿಯಲ್ಲಿ ಫೋಮಿನ ಚೂರನ್ನು ಗಲೀಪಿಗೆ ತುಂಬಿ ಬಾಯಿ ಹೊಲಿಯುವ ಕೆಲಸ. ಅಲ್ಲಿ ಒಬ್ಬೊಬ್ಬರಿಗೂ ಒಂದು ಕಾರ್ಡು. ಒಳಗೆ ಹೋಗುವಾಗ ಗೇಟಿನ ಪಕ್ಕದ ಪೆಟ್ಟಿಗೆಯಲ್ಲಿ ಅದನ್ನು ಹಾಕಬೇಕು, ಹೊರಗೆ ಬರುವಾಗ ತೆಗೆದುಕೊಳ್ಳಬೇಕು. ಕಾರ್ಡು ವಾರಗಟ್ಟಲೆ ಖಾಲಿ ಕೂತರೆ ಆ ಜಾಗ ಬೇರೆಯವರಿಗೆ ಹೋಗುತ್ತಿತ್ತು. ಸೋಮವಾರ ಮಧ್ಯಾಹ್ನ ತಾಯಿಯ ಕಾರ್ಡು ಹಿಡಿದು ಮಗಳು ಹೋದಳು. ಮೇಸ್ತ್ರಿ ಕಾರ್ಡು ನೋಡಿದ, ಮುಖ ನೋಡಲಿಲ್ಲ. ನೋಡಲಿಲ್ಲ ಎನ್ನುವುದು ಅವನ ಹೇಳಿಕೆ. ಹದಿನೈದರ ಹುಡುಗಿಗೂ ನಲವತ್ತರ ಹೆಂಗಸಿಗೂ ವ್ಯತ್ಯಾಸ ತಿಳಿಯದ ಮನುಷ್ಯನನ್ನು ಮೂವತ್ತೊಂಬತ್ತು ಜನರ ಪಾಳಿಗೆ ಮೇಸ್ತ್ರಿ ಮಾಡಿದ್ದಾದರೂ ಯಾರು ಎಂದು ವರದಿ ಕೇಳುವುದಿಲ್ಲ.

ಶಾಲೆಯಲ್ಲಿ ಹಾಜರಿ ದಿನಕ್ಕೆರಡು ಸಲ: ಬೆಳಿಗ್ಗೆ ಒಂಬತ್ತು ಮೂವತ್ತೈದಕ್ಕೆ, ಮಧ್ಯಾಹ್ನ ಎರಡು ಗಂಟೆಗೆ. ಹೆಸರು ಕರೆಯುವ ಪದ್ಧತಿಯಿಲ್ಲ, ನಂಬರು. ತಿಂಗಳಲ್ಲಿ ಆರು ಅರ್ಧ ದಿನಕ್ಕಿಂತ ಹೆಚ್ಚು ತಪ್ಪಿಸಿಕೊಂಡವರಿಗೆ ರಂಗದ ಮೇಲೆ ಜಾಗವಿಲ್ಲವೆಂದು ಮುಖ್ಯೋಪಾಧ್ಯಾಯಿನಿಯವರ ಸಹಿಯ ಸೂಚನೆ ಗೋಡೆಯ ಮೇಲಿತ್ತು. ತಾಲೀಮು ಬೆಳಿಗ್ಗೆ ಏಳೂಮುಕ್ಕಾಲಕ್ಕೆ, ಅದಕ್ಕೆ ತೊಂದರೆಯಿರಲಿಲ್ಲ. ತೊಂದರೆಯಿದ್ದದ್ದು ಮಧ್ಯಾಹ್ನದ ಹಾಜರಿಗೆ.

“ನೀನೇ ಕೂಗೇ,” ಎಂದಳು ಗುಡುಗು, ಊಟದ ಡಬ್ಬಿ ಮುಚ್ಚುತ್ತಾ.

“ನಾನಾ? ನನ್ನ ನಂಬರಿಗೇ ನಾನು ಕೂಗಿದ್ದು ಕೇಳ್ಸಲ್ಲ.”

“ನಿನ್ನದು ಕೇಳ್ಸಲ್ಲ. ನನ್ನದು ಕೇಳ್ಸತ್ತೆ. ಮೊನ್ನೆ ಹೆಡ್ ಮೇಡಂ ಕೆಮ್ಮು ತೆಗ್ದಾಗ ಕಾರಿಡಾರಲ್ಲಿ ಹುಡುಗ್ರು ಎಲ್ಲಾ ಚಪ್ಪಲಿ ಬಿಟ್ಟು ಓಡಿದ್ರಲ್ಲ, ಮರ್ತೋಯ್ತಾ? ಆರೇ ವಾರ ಕಣೇ. ಅಮ್ಮನ ಕೈ ಬಿಚ್ಚಿದ ದಿನ ನಿಂಗೆ ಬಿಡುಗಡೆ.”

“ಸಿಕ್ಕಿಹಾಕಿಕೊಂಡ್ರೆ?”

“ಮೇಷ್ಟ್ರು ತಲೆ ಎತ್ತಿದ್ರೆ ತಾನೇ ಸಿಕ್ಕಿಹಾಕಿಕೊಳ್ಳೋದು? ಅವರು ಆ ಪುಸ್ತಕದಿಂದ ತಲೆ ಎತ್ತಿದ್ದನ್ನ ನಾನು ಮೂರು ವರ್ಷದಲ್ಲಿ ನೋಡಿಲ್ಲ.”

ಹಾಗೆ ಆಯಿತು. ಮೇಷ್ಟ್ರು, “ಮೂವತ್ತೊಂದು” ಎಂದಾಗ ಪಿಸು ಬೆಂಚಿನ ಕೆಳಗೆ ಬಗ್ಗಿ, ಪೆನ್ಸಿಲ್ ಹುಡುಕುವವಳಂತೆ ನಟಿಸಿ, “ಹಾಜರ್ ಸಾರ್!” ಎಂದು ಗುಡುಗಿದಳು. ಎದ್ದು ಕೂತು ತನ್ನ ನಂಬರಿಗೆ ತನ್ನ ದನಿಯಲ್ಲಿ ಇನ್ನೊಮ್ಮೆ. ಎಡಸಾಲಿನವರು ಬಾಯಿಗೆ ಕೈಯಿಟ್ಟುಕೊಂಡು ನಕ್ಕರು. ಮೇಷ್ಟ್ರ ಪೆನ್ನು ಒಂದು ಕ್ಷಣ ನಿಂತು, ಮುಂದಕ್ಕೆ ಹೋಯಿತು. ಆ ಒಂದು ಕ್ಷಣವನ್ನು ಪಿಸು ಅವತ್ತೇ ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ: “ಅವರಿಗೆ ಗೊತ್ತಾಯಿತು. ನಾಟಕ ನಿಲ್ಲಬಾರದೆಂದು ಸುಮ್ಮನಾದರು. ಒಳ್ಳೆಯ ಮೇಷ್ಟ್ರು.”

ವಾರಕ್ಕೆ ಐದು ಮಧ್ಯಾಹ್ನ. ಶನಿವಾರ ಅರ್ಧ ದಿನ. ನಾಲ್ಕು ವಾರ ಮತ್ತು ಎರಡು ದಿನ. ಒಟ್ಟು ಇಪ್ಪತ್ತೆರಡು ಸಲ ಪಿಸು ಕೂಗಿದಳು. ಬೆಳಿಗ್ಗೆ ತಾಲೀಮಿಗೆ ಬಂದಾಗ ಗುಡುಗಿನ ಜಡೆಯಲ್ಲಿ ಹಿಂದಿನ ದಿನದ ಫೋಮಿನ ಚೂರುಗಳು ಬಿಳಿ ಹೇನಿನಂತೆ ಸಿಕ್ಕಿಕೊಂಡಿರುತ್ತಿದ್ದವು. ಪಿಸು ಸ್ಟೂಲಿನ ಮೇಲೆ ಕೂತು ಒಂದೊಂದನ್ನೇ ಹೆಕ್ಕುತ್ತಿದ್ದಳು.

“ಅಲ್ಲಿ ಹಿಂದಿನ ಮೆಟ್ಟಿಲಿಗೆ ಶಟರ್ ಎಳೆದು ಬೀಗ ಹಾಕ್ತಾರೆ ಕಣೇ,” ಎಂದಿದ್ದಳು ಗುಡುಗು ಒಂದು ದಿನ. “ದಿಂಬು ಕದೀತೀವಂತೆ. ದಿಂಬನ್ನ ಹೊಟ್ಟೆಗೆ ಕಟ್ಕೊಂಡು ಹೋದ್ರೆ ಬಸುರಿ ಅಂತಾರೆ, ಕೆಲಸದಿಂದಲೂ ತೆಗೀತಾರೆ. ಅಷ್ಟು ಕಷ್ಟಪಟ್ಟು ದಿಂಬು ಯಾರು ಕದೀತಾರೆ?”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ನಗೆಯೂ ನೋಟ್ ಪುಸ್ತಕದಲ್ಲಿದೆ, ನಾಟಕದ ಭಾಗದಲ್ಲಿ.

ಇಪ್ಪತ್ತೆರಡನೆಯ ಮಧ್ಯಾಹ್ನ, ಮಂಗಳವಾರ. ಎರಡು ಗಂಟೆಗೆ ಪಿಸು ಕೂಗಿದಳು. ಎರಡು ಇಪ್ಪತ್ತೈದರ ಸುಮಾರಿಗೆ ಕಿಟಕಿಯಿಂದ ಸುಟ್ಟ ರಬ್ಬರಿನ ವಾಸನೆ ಬಂತು. ಮಾರುಕಟ್ಟೆಯ ಹಿಂದಿನ ದಿಕ್ಕಿನಲ್ಲಿ ಹೊಗೆ ಕಪ್ಪಾಗಿ, ದಪ್ಪವಾಗಿ ನೆಟ್ಟಗೆ ಎದ್ದಿತ್ತು. ಮೇಷ್ಟ್ರು ಕಿಟಕಿ ಮುಚ್ಚಿಸಿ ಪಾಠ ಮುಂದುವರಿಸಿದರು. ಪಿಸು ಎದ್ದು ಹೇಳಬೇಕೆಂದುಕೊಂಡಳು. ಏನೆಂದು ಹೇಳುವುದು? ಇಪ್ಪತ್ತೈದು ನಿಮಿಷದ ಹಿಂದೆ ಈ ಕೋಣೆಯಲ್ಲಿ ಹಾಜರಿದ್ದವಳು ಅಲ್ಲಿದ್ದಾಳೆ ಎಂದೇ? ನಾಲ್ಕೂವರೆಯವರೆಗೆ ಅವಳು ಕೂತೇ ಇದ್ದಳು. ಅದಕ್ಕಾಗಿ ಅವಳು ಮುಂದೆ ಎಂದೂ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ.

ಗಂಟೆ ಹೊಡೆದದ್ದೇ ಓಡಿದಳು. ಕಾರ್ಖಾನೆಯ ಮುಂದೆ ಹಗ್ಗ ಕಟ್ಟಿದ್ದರು. ಎರಡನೆಯ ಮಹಡಿ ಮೊದಲನೆಯದರ ಮೇಲೆ ಕುಸಿದು ಕೂತಿತ್ತು. ಹಗ್ಗದ ಈಚೆ, ಪ್ಲಾಸ್ಟರಿನ ಕೈಯನ್ನು ಎದೆಗವಚಿಕೊಂಡು, ಗುಡುಗಿನ ತಾಯಿ ಕಂಡಕಂಡವರ ಮುಂದೆ, “ನನ್ನ ಮಗಳು ಒಳಗಿದ್ದಾಳೆ” ಎನ್ನುತ್ತಿದ್ದರು. ಗೇಟಿನ ಪಕ್ಕದ ಕಾರ್ಡಿನ ಪೆಟ್ಟಿಗೆಗೆ ಬೆಂಕಿ ತಾಗಿರಲಿಲ್ಲ. ಮೇಸ್ತ್ರಿ ಅದನ್ನು ಜೀಪಿನ ಬಾನೆಟ್ಟಿನ ಮೇಲೆ ಸುರುವಿ, ಪೊಲೀಸಿನವರ ಎದುರು ಒಂದೊಂದೇ ಕಾರ್ಡು ಕೂಗಿ, ಬದುಕಿ ಬಂದವರನ್ನು ಎಣಿಸುತ್ತಿದ್ದ. ಮೂವತ್ತೊಂಬತ್ತು ಕಾರ್ಡು. ಅಂಗಳದಲ್ಲಿ ಜೀವಂತ ನಿಂತವರು ಇಪ್ಪತ್ತೇಳು. ತಾಯಿಯ ಕಾರ್ಡು ಬಂದಾಗ ಅವನು ತಲೆಯೆತ್ತಿ, ಹಗ್ಗದಾಚೆ ಆಕೆಯನ್ನು ನೋಡಿ, ಬೆರಳು ಮಾಡಿ, “ಅಗೋ ಅಲ್ಲಿದ್ದಾಳೆ, ಬಂದಿದ್ದಾಳೆ” ಎಂದು ಗುರುತು ಹಾಕಿಬಿಟ್ಟ. ಇಪ್ಪತ್ತೆಂಟು.

ಆ ಒಂದು ಗುರುತಿನಿಂದ ಲೆಕ್ಕ ನೇರವಾಯಿತು. ಮೂವತ್ತೊಂಬತ್ತರಲ್ಲಿ ಇಪ್ಪತ್ತೆಂಟು ಕಳೆದರೆ ಹನ್ನೊಂದು. ಅವಶೇಷದಿಂದ ತೆಗೆದದ್ದನ್ನು ಬಿಡಿಬಿಡಿಯಾಗಿ ಗುರುತಿಸುವ ಸ್ಥಿತಿಯಿರಲಿಲ್ಲ. ಆಸ್ಪತ್ರೆಯ ವೈದ್ಯರು ತಮ್ಮ ಟಿಪ್ಪಣಿಯಲ್ಲಿ, “ಕನಿಷ್ಠ ಹನ್ನೊಂದು ವ್ಯಕ್ತಿಗಳು” ಎಂದು ಬರೆದರು. ಆ ವೈದ್ಯರೊಬ್ಬರೇ ಈ ಪ್ರಕರಣದಲ್ಲಿ ತಮಗೆ ತಿಳಿದಷ್ಟನ್ನು ಮಾತ್ರ ಬರೆದವರು. ಮರುದಿನದ ಪತ್ರಿಕೆಯಲ್ಲಿ, ‘ಕನಿಷ್ಠ’ ಇರಲಿಲ್ಲ.

ಆ ರಾತ್ರಿ ಅಚ್ಚುಕೂಟಕ್ಕೆ ಹೊರಟಿದ್ದ ತಂದೆಯನ್ನು ಪಿಸು ಬಾಗಿಲಲ್ಲೇ ತಡೆದು ಎಲ್ಲ ಹೇಳಿದ್ದಳು. ಅವರು ಚಪ್ಪಲಿ ಮೆಟ್ಟಿದ ಕಾಲಲ್ಲೇ ನಿಂತು ಕೇಳಿಸಿಕೊಂಡರು.

“ನಾನು ಅಕ್ಷರ ತಿದ್ದೋನಮ್ಮಾ. ಸುದ್ದಿ ತಿದ್ದೋ ಹಕ್ಕು ನಂಗಿಲ್ಲ. ಹೋಗಿ ಹೇಳ್ತೀನಿ.”

ಬೆಳಿಗ್ಗೆ ಪತ್ರಿಕೆ ತಂದು ಮಗಳ ಮುಂದಿಟ್ಟು, ಮುಖ ನೋಡದೆ ಮಲಗಲು ಹೋದರು. ಹೇಳಿದ್ದರು; ಪೊಲೀಸಿನವರು ಕೊಟ್ಟ ಸಂಖ್ಯೆಯೇ ಸಂಖ್ಯೆ ಎಂದು ಉತ್ತರ ಬಂದಿತ್ತು.

ಪಿಸು ಸುದ್ದಿಹಲಗೆಯ ಮೇಲೆ ಅಂದು ಐದರ ಬದಲು ಒಂದೇ ಸುದ್ದಿ ಬರೆದಳು: “ದಿಂಬಿನ ಕಾರ್ಖಾನೆಯಲ್ಲಿ ಬೆಂಕಿ. ಹನ್ನೆರಡು ಸಾವು.”

ಪ್ರಾರ್ಥನೆ ಮುಗಿಯುವ ಮೊದಲೇ ಮುಖ್ಯೋಪಾಧ್ಯಾಯಿನಿಯವರು ಅವಳನ್ನು ಕರೆಸಿದರು. “ಪೇಪರಲ್ಲಿ ಹನ್ನೊಂದು ಅಂತಿದೆ. ಇನ್ನೊಂದನ್ನ ನೀನು ಎಲ್ಲಿಂದ ತಂದೆ?”

“ನಮ್ಮ ಕ್ಲಾಸಿಂದ ಮೇಡಂ.”

“ಏನು ಗೊಣಗ್ತಾ ಇದೀಯ? ಬಾಯಿ ಬಿಟ್ಟು ಮಾತಾಡು.”

“ಮೂವತ್ತೊಂದನೇ ನಂಬರು ಮೇಡಂ. ಅವಳು ಅಲ್ಲಿದ್ಲು.”

ಮುಖ್ಯೋಪಾಧ್ಯಾಯಿನಿಯವರು ಹಾಜರಿ ಪುಸ್ತಕ ತರಿಸಿ, ಮಂಗಳವಾರದ ಮಧ್ಯಾಹ್ನದ ಮನೆಯ ಮೇಲೆ ಬೆರಳಿಟ್ಟು ತೋರಿಸಿದರು. ನೀಲಿ ಶಾಯಿ, ದುಂಡನೆಯ ‘ಹಾ’. ಹಲಗೆಯನ್ನು ಜವಾನ ಒದ್ದೆಬಟ್ಟೆಯಿಂದ ಒರೆಸಿದ. ಸೀಮೆಸುಣ್ಣದ ಡಬ್ಬಿಯನ್ನು ಪಿಸುವಿನಿಂದ ವಾಪಸು ತೆಗೆದುಕೊಂಡರು.

ಮಧ್ಯಾಹ್ನ ಅವಳು ಮೇಷ್ಟ್ರನ್ನು ನಾಟಕದ ಸಾಮಾನಿನ ಕೋಣೆಯಲ್ಲಿ ಹಿಡಿದಳು. ಅವರು ಅಂಬಿಗಿತ್ತಿಯ ಹುಟ್ಟಿಗೆ ಬಣ್ಣ ಬಳಿಯುತ್ತಿದ್ದರು.

“ಸಾರ್, ನಿಮಗೆ ಗೊತ್ತಿತ್ತು.”

“ಏನು ಗೊತ್ತಿತ್ತು?”

“ನಾನು ಕೂಗ್ತಿದ್ದದ್ದು.”

ಮೇಷ್ಟ್ರು ಕುಂಚ ನಿಲ್ಲಿಸಲಿಲ್ಲ. “ನೋಡಮ್ಮಾ, ದನಿ ಕೇಳಿದ್ರೆ ಗುರುತು ಹಾಕೋದು ನನ್ನ ಕೆಲಸ. ದನಿ ಕೇಳಿತ್ತು, ಹಾಕಿದೆ.”

“ಅದು ಸುಳ್ಳು ಅಂತ ಬರೆದುಕೊಡಿ ಸಾರ್. ನಾನೂ ಬರೆದುಕೊಡ್ತೀನಿ.”

“ಬರೆದುಕೊಟ್ರೆ ಏನಾಗತ್ತೆ? ಅವಳು ಎದ್ದು ಬರ್ತಾಳಾ? ನನ್ನ ಕೆಲಸ ಹೋಗತ್ತೆ, ನಿನ್ನ ಪರೀಕ್ಷೆ ಹೋಗತ್ತೆ. ಎರಡು ದಿನ ಹೋಗ್ಲಿ. ಎಲ್ಲಾ ಒಂದು ಹದಕ್ಕೆ ಬರತ್ತೆ.” ಅವರು ಒಮ್ಮೆ ಬಳಿದ ಜಾಗಕ್ಕೇ ಮತ್ತೆ ಮತ್ತೆ ಬಣ್ಣ ಬಳಿಯುತ್ತಿದ್ದರು ಎಂಬುದನ್ನೂ ಪಿಸು ಬರೆದಿಟ್ಟಿದ್ದಾಳೆ. ಅಂಥ ಕೈಗೆ ವಿನಾಯಿತಿ ಕೊಡಬೇಕೇ ಎಂಬುದನ್ನು ಓದುಗರ ವಿವೇಚನೆಗೆ ಬಿಡಬಹುದು.

ಮೂರನೆಯ ದಿನ ಗುಡುಗಿನ ತಾಯಿ ಠಾಣೆಗೆ ಹೋದರು. ಕಾರ್ಖಾನೆಯ ಪಟ್ಟಿಯ ಪ್ರಕಾರ ಆಕೆ ಮಂಗಳವಾರ ಕೆಲಸದಲ್ಲಿದ್ದು ಬದುಕಿ ಬಂದವರು. ಶಾಲೆಯ ಪುಸ್ತಕದ ಪ್ರಕಾರ ಮಗಳು ನಾಲ್ಕೂವರೆಯವರೆಗೆ ತರಗತಿಯಲ್ಲಿದ್ದವಳು. ಎರಡೂ ಸಹಿ ಬಿದ್ದ ದಾಖಲೆಗಳು. ಇನ್ನು ಉಳಿದದ್ದು ಒಂದೇ: ಹುಡುಗಿ ಶಾಲೆ ಬಿಟ್ಟ ಮೇಲೆ ಕಾಣೆಯಾಗಿದ್ದಾಳೆ.

“ಯಾವನಾದ್ರೂ ಹುಡುಗನ ಜೊತೆ ಓಡಾಟ ಇತ್ತೇನಮ್ಮಾ?” ಎಂದು ದೂರು ಬರೆದುಕೊಳ್ಳುವವನು ಕೇಳಿದ. “ನಾಟಕಗೀಟಕ ಅಂತ ತಿರುಗ್ತಿದ್ಲಂತಲ್ಲ. ಈ ವಯಸ್ಸಲ್ಲಿ ಅದೇ ಜಾಸ್ತಿ. ಒಂದು ವಾರ ನೋಡಿ, ಕಾಸು ಖಾಲಿಯಾದ್ರೆ ತಾನಾಗೇ ಬರ್ತಾಳೆ.”

ಪ್ಲಾಸ್ಟರಿನ ಕೈಯನ್ನೇ ಮೇಜಿನ ಮೇಲಿಟ್ಟು ಆಕೆ, “ಈ ಕೈಯಲ್ಲಿ ನಾನು ದಿಂಬು ಹೊಲೀತಿದ್ನಾ? ನೀವೇ ಹೇಳಿ ಸ್ವಾಮಿ” ಎಂದರು. ಅದನ್ನು ಅವನು ಬರೆದುಕೊಳ್ಳಲಿಲ್ಲ. ಆ ಪ್ಲಾಸ್ಟರು ಬಿಚ್ಚಲು ಇನ್ನೂ ವಾರವಿತ್ತು. ಒಂದು ರಾಜ್ಯದ ಅರ್ಧ ಅಧಿಕಾರಿವರ್ಗ ಆ ಪ್ಲಾಸ್ಟರನ್ನು ಕಣ್ಣಾರೆ ಕಂಡಿತು. ಒಬ್ಬರಾದರೂ ಅದರ ದಿನಾಂಕ ಕೇಳಲಿಲ್ಲ. ಬದುಕಿ ಬಂದ ಇಪ್ಪತ್ತೇಳು ಮಂದಿ ತಮ್ಮ ಕಾರ್ಡು ಉಳಿದರೆ ಸಾಕೆಂದು ಮೇಸ್ತ್ರಿಯ ಲೆಕ್ಕಕ್ಕೆ ಎದುರಾಡಲಿಲ್ಲ.

ಬೀದಿಯಲ್ಲಿ ಓಡಿಹೋದವಳ ಕಥೆಗೆ ಕೈಕಾಲು ಮೂಡಿತು. ನಲ್ಲಿಯ ಹತ್ತಿರ ಒಬ್ಬಾಕೆ ಅವಳನ್ನು ಬಸ್ ನಿಲ್ದಾಣದಲ್ಲಿ ಕಂಡಿದ್ದಾಗಿ ಹೇಳಿದಳು. ಇನ್ನೊಬ್ಬಾಕೆ ಜೊತೆಗಿದ್ದವನ ಅಂಗಿಯ ಬಣ್ಣ ಸೇರಿಸಿದಳು. ತರಗತಿಯಲ್ಲಿ ಇಪ್ಪತ್ತೆರಡು ದಿನ ಬಾಯಿಗೆ ಕೈಯಿಟ್ಟು ನಕ್ಕಿದ್ದ ಎಡಸಾಲಿನವರು ಈಗ ಬಾಯಿಗೆ ಬೀಗ ಹಾಕಿಕೊಂಡರು. ಪಿಸು ಒಬ್ಬೊಬ್ಬರನ್ನೇ ಕೇಳಿದಳು. “ನಮ್ಮಪ್ಪ ಬೇಡ ಅಂದಿದಾರೆ ಕಣೇ” ಎಂಬುದಕ್ಕಿಂತ ಉದ್ದದ ಉತ್ತರ ಯಾರಿಂದಲೂ ಬರಲಿಲ್ಲ.

ಒಂಬತ್ತನೆಯ ದಿನ ವಿಚಾರಣಾಧಿಕಾರಿ ಶಾಲೆಗೆ ಬಂದರು. ಗುಡುಗಿನ ತಾಯಿ ಅವರಿಗೆ ಕೊಟ್ಟಿದ್ದ ಅರ್ಜಿಯ ಕೊನೆಯಲ್ಲಿ, ಪಿಸು ಬರೆದುಕೊಟ್ಟಿದ್ದ ಒಂದು ಪುಟದ ಹೇಳಿಕೆ ಲಗತ್ತಾಗಿತ್ತು. ಮುಖ್ಯೋಪಾಧ್ಯಾಯಿನಿಯವರ ಕೋಣೆಯಲ್ಲಿ ಅಧಿಕಾರಿ, ಮುಖ್ಯೋಪಾಧ್ಯಾಯಿನಿ, ಮೇಷ್ಟ್ರು ಕೂತಿದ್ದರು. ಗುಡುಗಿನ ತಾಯಿಯನ್ನು ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಕೂರಿಸಿದ್ದರು. ಪಿಸು ಮೇಜಿನ ಎದುರು ನಿಂತಳು.

ಅಧಿಕಾರಿ ಕೆಟ್ಟ ಮನುಷ್ಯರಲ್ಲ. ನೀರು ಕುಡಿಯುತ್ತೀಯಾ ಎಂದು ಕೇಳಿದರು. ಅವಳು ಹೇಳಿದ್ದನ್ನು ಎರಡೆರಡು ಸಲ ಕೇಳಬೇಕಾಯಿತು. ಕೊನೆಗೆ ಕನ್ನಡಕ ತೆಗೆದು, “ಮಗೂ, ನಿನ್ನ ದನಿ ಈ ಮೇಜು ದಾಟಿ ನಂಗೇ ಕೇಳ್ತಿಲ್ಲ. ಅಷ್ಟು ದೊಡ್ಡ ಕ್ಲಾಸಲ್ಲಿ ಇನ್ನೊಬ್ಬಳ ಹೆಸರಲ್ಲಿ ಕೂಗಿದೆ ಅಂದ್ರೆ ನಂಬೋದು ಹೇಗೆ?” ಎಂದರು.

“ಬೇಕಾದ್ರೆ ತೋರಿಸ್ತೀನಿ ಸಾರ್.”

“ಅದೆಲ್ಲಾ ಬೇಡ,” ಎಂದರು ಮೇಷ್ಟ್ರು.

“ಯಾಕೆ ಬೇಡ? ತೋರಿಸ್ಲಿ.”

ಪಿಸು ಅಭ್ಯಾಸಬಲದಿಂದ ತಲೆ ತಗ್ಗಿಸಿದಳು. “ಹಾಜರ್ ಸಾರ್!”

ಅಲಮಾರಿಯ ಗಾಜು ಅದುರಿತು. ಅಧಿಕಾರಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. ಕಾರಿಡಾರಿನಲ್ಲಿ ಬೆಂಚು ಉರುಳಿದ ಸದ್ದು, ಓಡುವ ಹೆಜ್ಜೆಯ ಸದ್ದು. ಬಾಗಿಲನ್ನು ಭುಜದಿಂದ ತಳ್ಳಿಕೊಂಡು ತಾಯಿ ಒಳಗೆ ಬಂದರು. ಆಕೆಯ ಮುಖದಲ್ಲಿ ಬೆಳಕಿತ್ತು. “ಬಂದ್ಯೇನೇ? ಎಲ್ಲೇ ಇದ್ದೆ ಇಷ್ಟು ದಿನ?” ಎನ್ನುತ್ತಾ ಕೋಣೆಯ ಮೂಲೆಮೂಲೆ ನೋಡಿದರು. ಅಲಮಾರಿಯ ಹಿಂದೆಯೂ ಇಣುಕಿದರು. ಕೊನೆಗೆ ಪಿಸುವಿನ ಮುಖ ನೋಡಿದರು. ಆಕೆಗೆ ಅರ್ಥವಾಯಿತು.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಅದನ್ನು ಕಂಡು ಪಿಸುವಿಗೆ, ಇನ್ನು ಬರೆಯುವುದೇನೂ ಉಳಿದಿಲ್ಲ, ಎಲ್ಲವೂ ಸಾಬೀತಾಯಿತು ಎನ್ನಿಸಿತಂತೆ. ಹೆತ್ತ ತಾಯಿಯೇ ಮೋಸಹೋದ ದನಿಗೆ ಹಾಜರಿ ಪುಸ್ತಕ ಮೋಸಹೋಗಿದ್ದರಲ್ಲಿ ಆಶ್ಚರ್ಯವೇನಿದೆ ಎಂದು ಯಾವ ಬುದ್ಧಿವಂತನಿಗೂ ಹೊಳೆಯಬೇಕು.

ವರದಿ ಬಂದದ್ದು ಏಳು ವಾರಗಳ ನಂತರ. ಅರವತ್ತನಾಲ್ಕು ಪುಟ. ಮೂವತ್ತೊಂದನೆಯ ನಂಬರಿನವಳಿಗೆ ಸಿಕ್ಕಿದ್ದು ನಲವತ್ತೊಂದನೆಯ ಪುಟದಲ್ಲಿ ನಾಲ್ಕು ಸಾಲು: ಒಬ್ಬ ವಿದ್ಯಾರ್ಥಿನಿಯೂ ಮೃತಪಟ್ಟಿದ್ದಾಳೆಂಬ ಮನವಿ ದಾಖಲೆಗಳಿಗೆ ವ್ಯತಿರಿಕ್ತವಾಗಿದೆ, ಸಹಪಾಠಿಯ ಹೇಳಿಕೆ ಸ್ನೇಹಿತೆಯನ್ನು ಕಳೆದುಕೊಂಡ ಮಾನಸಿಕ ಆಘಾತದಿಂದ ಪ್ರೇರಿತವಾದಂತಿದೆ, ತರಗತಿಯ ಉಪಾಧ್ಯಾಯರು ಹಾಜರಿಯನ್ನು ದೃಢಪಡಿಸಿದ್ದಾರೆ. ದನಿಯ ವಿಷಯ, ಓಡಿಬಂದ ತಾಯಿಯ ವಿಷಯ, ಒಂದಕ್ಷರವೂ ಇಲ್ಲ. ಕಳೆದುಕೊಂಡದ್ದು ಹೇಗೆ ಎಂದು ಹೇಳದೆಯೇ, ‘ಕಳೆದುಕೊಂಡ’ ಎಂದು ಬರೆಯಲು ಆ ಅಧಿಕಾರಿಗೆ ಕೈ ಬಂತು.

ಅಷ್ಟರಲ್ಲಿ ನಾಟಕ ಮುಗಿದಿತ್ತು. ಮುಂದೂಡಲಿಲ್ಲ. ಅಂಬಿಗಿತ್ತಿಯ ಪಾತ್ರವನ್ನು ಒಂಬತ್ತನೆಯ ತರಗತಿಯ ಹುಡುಗಿಗೆ ಕೊಟ್ಟರು. ಪಿಸು ಸ್ಟೂಲಿನ ಮೇಲೆ ಕೂರಲು ಒಪ್ಪದ್ದರಿಂದ ಮೇಷ್ಟ್ರೇ ಕೂತರು. ದೊರೆ ಬಂದು ನಿಂತಾಗ ಆ ಹುಡುಗಿಗೆ ಮಾತು ಮರೆತುಹೋಯಿತು. ಮೇಷ್ಟ್ರು ಎತ್ತಿಕೊಟ್ಟರು, ಅವಳಿಗೆ ಕೇಳಿಸಲಿಲ್ಲ. ಇನ್ನೂ ಜೋರಾಗಿ ಎತ್ತಿಕೊಟ್ಟರು. ಕೊನೆಗೆ, “ಎಣಿಸಿ ಹತ್ತಿಸಿದ್ದೇನೆ, ಎಣಿಸಿಯೇ ಇಳಿಸುತ್ತೇನೆ” ಎಂಬ ಮಾತು ಗಂಡುದನಿಯಲ್ಲಿ ಪರದೆಯ ಹಿಂದಿನಿಂದ ಇಡೀ ಸಭಾಂಗಣಕ್ಕೆ ಕೇಳಿಸಿತು. ಸಭಿಕರು ನಕ್ಕರು. ಕೊನೆಯ ಸಾಲಿನಲ್ಲಿ ನಿಂತಿದ್ದ ಪಿಸು ನಗಲಿಲ್ಲ.

ಬೆಂಕಿಯಾದ ಮೇಲೂ ಹಾಜರಿಯಲ್ಲಿ ಆ ನಂಬರು ಇತ್ತು. ಸತತ ಮೂವತ್ತು ದಿನ ಗೈರಾದ ಹೊರತು ಹೆಸರು ಹೊಡೆದುಹಾಕುವಂತಿಲ್ಲವೆಂಬುದು ನಿಯಮ. ದಿನಕ್ಕೆರಡು ಸಲ ಮೇಷ್ಟ್ರು, “ಮೂವತ್ತೊಂದು” ಎನ್ನುತ್ತಿದ್ದರು. ಪ್ರತಿ ಸಲವೂ ಪಿಸು ಎದ್ದು ನಿಂತು, ತನ್ನ ಸ್ವಂತ ದನಿಯಲ್ಲಿ, “ಸತ್ತಿದ್ದಾಳೆ ಸಾರ್. ಬೆಂಕಿಯಲ್ಲಿ” ಎನ್ನುತ್ತಿದ್ದಳು. ಮೊದಲ ದಿನ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಎರಡನೆಯ ದಿನ ತರಗತಿ ಉಸಿರು ಬಿಗಿಹಿಡಿದದ್ದರಿಂದ ಕೇಳಿಸಿತು. ಬೆಂಚಿನ ಮೇಲೆ ನಿಲ್ಲಿಸಿದರು, ಹೊರಗೆ ನಿಲ್ಲಿಸಿದರು, ತಂದೆಯನ್ನು ಕರೆಸಿದರು. ಕರಡು ತಿದ್ದುವ ಆ ಮನುಷ್ಯ ಮುಖ್ಯೋಪಾಧ್ಯಾಯಿನಿಯವರ ಮುಂದೆ ಕೈಕಟ್ಟಿ ನಿಂತು, “ತಪ್ಪಿದ್ರೆ ತಿದ್ದಬಹುದು ಮೇಡಂ. ಅವಳು ಹೇಳ್ತಿರೋದ್ರಲ್ಲಿ ನಂಗೆ ತಪ್ಪು ಕಾಣ್ತಿಲ್ಲ” ಎಂದು ಹೇಳಿ ಬಂದರು. ಮೇಷ್ಟ್ರು ಹಾಜರಿಯಲ್ಲಿ ‘ಗೈ’ ಎಂದು ಬರೆಯುತ್ತಿದ್ದರು. ಮೂವತ್ತೊಂದನೆಯ ದಿನ ಕೆಂಪು ಶಾಯಿಯ ಗೆರೆ ಬಿತ್ತು. ಕಾರಣದ ಕಾಲಮ್ಮಿನಲ್ಲಿ: “ದೀರ್ಘ ಗೈರುಹಾಜರಿ”. ಆಮೇಲೆ ಮೇಷ್ಟ್ರು ಮೂವತ್ತರಿಂದ ನೇರ ಮೂವತ್ತೆರಡಕ್ಕೆ ಹಾರತೊಡಗಿದರು.

ವರದಿ ಬಂದ ವಾರದ ಭಾನುವಾರ ಪಿಸು ಗುಡುಗಿನ ಮನೆಗೆ ಹೋದಳು. ಒಂದೇ ಕೋಣೆ, ಕಿಟಕಿಯ ಪಕ್ಕ ಮೊಳೆಗೆ ತೂಗುಹಾಕಿದ ಶಾಲೆಯ ಚೀಲ ಹಾಗೇ ಇತ್ತು. ತಾಯಿಯ ಕೈ ಕೂಡಿತ್ತು, ಆದರೆ ಮಣಿಕಟ್ಟು ಪೂರ್ತಿ ತಿರುಗುತ್ತಿರಲಿಲ್ಲ. ಪಿಸು ನಲವತ್ತೊಂದನೆಯ ಪುಟದ ನಾಲ್ಕು ಸಾಲನ್ನು ಓದಿ ಹೇಳಿದಳು. ಆಕೆ ಇನ್ನೊಮ್ಮೆ ಓದಿಸಿದರು.

“ಅಂದ್ರೆ ನನ್ನ ಮಗಳು ಸತ್ತಿಲ್ಲ ಅಂತ ಬರೆದಿದ್ದಾರಾ?”

“ಹಾಗೂ ಬರೆದಿಲ್ಲ ಅತ್ತೆ.”

“ಮತ್ತೆ?”

ಪಿಸು ವರದಿಯನ್ನು ಮಡಚಿದಳು. ತಾಯಿ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ದನಿ ತಗ್ಗಿಸಿದರು. “ಅವತ್ತು ಆಫೀಸಲ್ಲಿ ಕೂಗಿದ್ಯಲ್ಲ. ಇನ್ನೊಂದ್ಸಲ ಕೂಗ್ತೀಯಾ? ಹಾಜರ್ ಅನ್ನೋದು ಬೇಡ. ‘ಅಮ್ಮಾ’ ಅಂತ ಒಂದೇ ಒಂದ್ಸಲ.”

ಪಿಸು ಬಾಯಿ ತೆರೆದಳು. ಗಂಟಲು ತಯಾರಿತ್ತು, ಆ ದನಿ ಬಾಯಿಯ ತುದಿಗೆ ಬಂದು ನಿಂತಿತ್ತು. “ಬೇಡ ಅತ್ತೆ,” ಎಂದಳು. “ಆ ದನೀಲಿ ನಾನು ಇಪ್ಪತ್ತೆರಡು ಸಲ ಸುಳ್ಳು ಹೇಳಿದೀನಿ. ಅವಳು ಅಲ್ಲಿದ್ದಾಗ ಇಲ್ಲಿದ್ದಾಳೆ ಅಂದೆ. ಈಗ ಇಲ್ಲದೆ ಇರೋವಾಗ…”

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು, ಸರಿ ಎಂಬಂತೆ ತಲೆಯಾಡಿಸಿದರು. “ನಾಟಕ ಹೇಗಿತ್ತೇ ಅದು? ನೋಡ್ಬೇಕು ಅಂತಿದ್ದೆ. ದಿನಾ ಪಾತ್ರೆ ತೊಳೀತಾ ಅದನ್ನೇ ಅರಚ್ತಿದ್ಲು. ಮೊದಲು ಕೊನೆ ಒಂದೂ ತಿಳೀತಿರ್ಲಿಲ್ಲ.”

ಪಿಸು ಗೋಡೆಗೆ ಒರಗಿ ಕೂತು, ಮೊದಲನೆಯ ದೃಶ್ಯದಿಂದ ಅಂಬಿಗಿತ್ತಿಯ ಮಾತುಗಳನ್ನು ಒಂದೊಂದಾಗಿ, ತನ್ನದೇ ದನಿಯಲ್ಲಿ, ಎತ್ತಿಕೊಡುವವರು ಹೇಳುವಂತೆ ಏರಿಳಿತವಿಲ್ಲದೆ ಹೇಳತೊಡಗಿದಳು. ದನಿ ಸಣ್ಣದಾದ್ದರಿಂದ ತಾಯಿ ಹತ್ತಿರಕ್ಕೆ ಸರಿದು, ಒಳ್ಳೆಯ ಕೈಯನ್ನು ನೆಲಕ್ಕೂರಿ, ಕಿವಿಯನ್ನು ಅವಳ ಬಾಯಿಯ ಬಳಿಗೆ ತಂದರು. ದೊರೆಯ ಪ್ರವೇಶದ ಹೊತ್ತಿಗೆ ಪಿಸು ನಿಲ್ಲಿಸಿದಳು. ಅಲ್ಲಿ ಗುಡುಗು ಯಾವಾಗಲೂ ಒಂದು ಉಸಿರು ಎಳೆದುಕೊಳ್ಳುತ್ತಿದ್ದಳು.

“ಆಮೇಲೆ?” ಎಂದರು ತಾಯಿ. “ಆಮೇಲೆ ಅವಳು ಏನಂತಾಳೆ?”